ಸಹಾಯ ಬೇಕು: ಹಳೆಯ ಟರ್ಬೊ ಡೀಸೆಲ್ ಕಾರಿನ ಕೂಲಂಟ್ ಹೋಸ್‌ಗಳು

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯವನು, ನಮ್ಮ ತಂದೆಯವರು 2007ರಲ್ಲಿ ಕೊಂಡ ಟರ್ಬೊ ಡೀಸೆಲ್ ಕಾರನ್ನು ಇಂದಿಗೂ ಜೋಪಾನವಾಗಿ ಓಡಿಸುತ್ತಿದ್ದೇನೆ. ಕಳೆದ ವಾರ ಮಧ್ಯಾಹ್ನದ ಬಿಸಿಲಿನಲ್ಲಿ ಹುಮನಾಬಾದಿಗೆ ಹೊರಟಿದ್ದಾಗ, ಕಮಲಾಪುರ ದಾಟಿದ ಮೇಲೆ ಟೆಂಪರೇಚರ್ ಮುಳ್ಳು ಕೆಂಪು ಗೆರೆಯ ಹತ್ತಿರ ಬಂದಿತು. ಎಂಜಿನ್ ಪೂರ್ತಿ ತಣ್ಣಗಾದ ಬಳಿಕ ಬಾನೆಟ್ ತೆರೆದು ನೋಡಿದರೆ, ಕೂಲಂಟ್ (ಎಂಜಿನ್ ತಣ್ಣಗಿಡುವ ದ್ರವ) ಹರಿಯುವ ರೇಡಿಯೇಟರ್‌ನ ಮೇಲಿನ ಹೋಸ್ ಕ್ಲ್ಯಾಂಪ್ ಬಳಿ ಉಬ್ಬಿ ಬಿರುಕುಬಿಟ್ಟಿತ್ತು. ಟರ್ಬೊ ಪಕ್ಕದ ಸಣ್ಣ ಹೋಸ್ ಮೆದುತನ ಕಳೆದುಕೊಂಡು ಕಟ್ಟಿಗೆಯಂತಾಗಿತ್ತು.

ಒಡೆದ ತುದಿಯನ್ನು ಕತ್ತರಿಸಿ ಮತ್ತೆ ಬಿಗಿದು, ಥರ್ಮೋಸ್ಟಾಟ್ (ಶಾಖಕ್ಕೆ ತಕ್ಕಂತೆ ಕೂಲಂಟ್ ಹರಿವನ್ನು ನಿಯಂತ್ರಿಸುವ ಕವಾಟ) ತೆಗೆದುಹಾಕಿ, ಬರೀ ನೀರು ತುಂಬಿಸಿ ಓಡಿಸಿರೆಂದು ಮೆಕ್ಯಾನಿಕ್ ಒಬ್ಬರು ಹೇಳಿದರು. ಥರ್ಮೋಸ್ಟಾಟ್ ಇಲ್ಲದಿದ್ದರೆ ಎಂಜಿನ್ ತಕ್ಕ ಶಾಖಕ್ಕೆ ಬರುವುದು ತಡವಾಗುತ್ತದೆ, ಬರೀ ನೀರಿನಿಂದ ಒಳಗೆ ತುಕ್ಕು ಹಿಡಿಯುತ್ತದೆ ಎಂಬ ಕಾರಣಕ್ಕೆ ನಾನು ಒಪ್ಪಲಿಲ್ಲ. ಎಲ್ಲ ಹೋಸ್‌ಗಳನ್ನೂ ಪ್ರೆಶರ್ ಕ್ಯಾಪನ್ನೂ ಒಟ್ಟಿಗೆ ಬದಲಿಸಿ, ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಸಮಪಾಲಿನಲ್ಲಿ ತುಂಬಿಸಬೇಕೆಂದಿದ್ದೇನೆ.

ಟರ್ಬೊ ಕಡೆಯ, ಬಾಗುಗಳ ಸಮೇತ ಅಚ್ಚು ಹಾಕಿರುವ ಹೋಸ್ ಕಲಬುರಗಿ, ಬೀದರ ಅಥವಾ ಯಾದಗಿರಿಯಲ್ಲಿ ಎಲ್ಲಿ ಸಿಗಬಹುದು? ನೇರ ಹೋಸನ್ನು ಬಗ್ಗಿಸಿ ಕೂರಿಸಿದರೆ ಅದು ಮಡಚಿಕೊಂಡು ಹರಿವನ್ನೇ ತಡೆಯುತ್ತದೆ. ಕೂಲಿಂಗ್ ಸಿಸ್ಟಮ್‌ನ ಪ್ರೆಶರ್ ಟೆಸ್ಟ್ ಮಾಡುವ ಗ್ಯಾರೇಜು ಗೊತ್ತಿದ್ದರೆ ದಯವಿಟ್ಟು ತಿಳಿಸಿರಿ. ಅತಿ ಶಾಖದಿಂದ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್) ಕೆಟ್ಟಿಲ್ಲವೆಂದು ಖಚಿತವಾಗುವವರೆಗೆ ನಾನು ಕಾರನ್ನು ಊರ ಹೊರಗೆ ಒಯ್ಯುವುದಿಲ್ಲ.