ಸರಾಯೆವೊದ ಜನ ಶೆಲ್ ಬೀಳುವಾಗಲೂ ನೀರಿಗೆ ಸಾಲು ನಿಂತದ್ದೇಕೆ?

ಪ್ರಶ್ನೆ:
1992ರಿಂದ 1996ರವರೆಗೆ ಮುತ್ತಿಗೆಯಲ್ಲಿ ಸಿಲುಕಿದ್ದ ಬೋಸ್ನಿಯಾದ ರಾಜಧಾನಿ ಸರಾಯೆವೊದ ಛಾಯಾಚಿತ್ರಗಳನ್ನು ನೋಡುತ್ತಿದ್ದೆ. ಸುತ್ತಲಿನ ಬೆಟ್ಟಗಳಿಂದ ಬೋಸ್ನಿಯಾದ ಸರ್ಬ್ ಸೇನೆ ಶೆಲ್ ಹಾರಿಸುತ್ತಿದ್ದರೂ ಹೆಂಗಸರು, ಮುದುಕರು ಪ್ಲಾಸ್ಟಿಕ್ ಕ್ಯಾನ್ ಹಿಡಿದು ಬೀದಿಯಲ್ಲಿ ಸಾಲು ನಿಂತಿದ್ದಾರೆ. ನೆಲಮಾಳಿಗೆಯಲ್ಲೇ ಉಳಿದಿದ್ದರೆ ಎಷ್ಟೋ ಜೀವಗಳು ಉಳಿಯುತ್ತಿರಲಿಲ್ಲವೇ?

ಉತ್ತರ 1:
ನೆಲಮಾಳಿಗೆಯಲ್ಲಿ ಒಂದು ರಾತ್ರಿಯನ್ನೋ ಒಂದು ವಾರವನ್ನೋ ಕಳೆಯಬಹುದು. ಈ ಮುತ್ತಿಗೆ ನಡೆದದ್ದು 1,425 ದಿನ. ನಲ್ಲಿ, ವಿದ್ಯುತ್ತು, ಗ್ಯಾಸು ಮೂರೂ ತಿಂಗಳುಗಟ್ಟಲೆ ನಿಂತುಹೋದಾಗ ಮನೆಯೊಳಗೆ ಕುಳಿತವರಿಗೂ ಬಾಯಾರುತ್ತದೆ. ಊರಿನ ಹಳೆಯ ಬಿಯರ್ ಕಾರ್ಖಾನೆಗೆ ತನ್ನದೇ ಜಲಮೂಲವಿದ್ದುದರಿಂದ ಜನ ಅಲ್ಲಿಗೆ ಹೋಗುತ್ತಿದ್ದರು; ಕ್ಯಾನುಗಳನ್ನು ಮಗುವಿನ ತಳ್ಳುಗಾಡಿಯಲ್ಲೋ, ಹಿಮ ಬಿದ್ದ ಕಾಲದಲ್ಲಿ ಜಾರುಬಂಡಿಯಲ್ಲೋ ಎಳೆದು ತರುತ್ತಿದ್ದರು. ಹಾಗೆ ತಂದ ನೀರು ಒಮ್ಮೆ ಬಳಸಿ ಚೆಲ್ಲುವಂಥದ್ದಲ್ಲ: ಮುಖ ತೊಳೆದದ್ದನ್ನು ಬೋಗುಣಿಯಲ್ಲಿ ಹಿಡಿದು ಬಟ್ಟೆ ಒಗೆಯುವುದು, ಒಗೆದು ಉಳಿದದ್ದನ್ನು ಶೌಚಕ್ಕೆ ಸುರಿಯುವುದು. ಸೌದೆಯದೂ ಇದೇ ಪಾಡು. ಉದ್ಯಾನಗಳ ಮರ ಮುಗಿದ ಮೇಲೆ ಪೀಠೋಪಕರಣ, ಪುಸ್ತಕ, ಹಳೆಯ ಬೂಟುಗಳು ಕೂಡ ಒಲೆ ಸೇರಿದವು.

ಉತ್ತರ 2:
ಮುತ್ತಿಗೆಯ ಊರಿಗೆ ಆಹಾರ ತರಲು ಬಳಸುತ್ತಿದ್ದ ಸುರಂಗವನ್ನು ನಾನು ನೋಡಿ ಬಂದಿದ್ದೇನೆ. 1993ರಲ್ಲಿ ವಿಮಾನ ನಿಲ್ದಾಣದ ಅಡಿಯಲ್ಲಿ ತೋಡಿದ, ಸುಮಾರು 800 ಮೀಟರ್ ಉದ್ದದ ಆ ದಾರಿಯಲ್ಲಿ ಈಗ ಸಣ್ಣದೊಂದು ಭಾಗವನ್ನಷ್ಟೇ ಪ್ರವಾಸಿಗರಿಗೆ ತೆರೆದಿಟ್ಟಿದ್ದಾರೆ. ಆ ನಾಲ್ಕು ಹೆಜ್ಜೆಗೇ ತಲೆ ತಗ್ಗಿಸಿ ನನ್ನ ಕತ್ತು ನೋಯತೊಡಗಿತು. ಬೆನ್ನಿಗೆ ಹಿಟ್ಟಿನ ಮೂಟೆ ಹೇರಿಕೊಂಡು, ಕಾಲಡಿ ನೀರು ನಿಂತಿರುವಾಗ, ಅಷ್ಟುದ್ದವೂ ನಡೆದವರನ್ನು ನೆನೆದು ಮಾತು ಹೊರಡಲಿಲ್ಲ. ಇನ್ನೊಂದು ವಿಷಯ: ಮನೆಯೊಳಗೂ ಸುರಕ್ಷತೆ ಇರಲಿಲ್ಲ. ಬೆಟ್ಟಕ್ಕೆ ಎದುರಾದ ಕೋಣೆಗಳನ್ನು ಬಿಟ್ಟು ಎಷ್ಟೋ ಕುಟುಂಬಗಳು ಮೆಟ್ಟಿಲ ಬಳಿ ಮಲಗುತ್ತಿದ್ದವು.

ಉತ್ತರ 3:
ಪ್ರಶ್ನೆಯನ್ನು ನೀರಿಗೆ ನಿಂತವರಿಗಲ್ಲ, ಬೆಟ್ಟದ ಮೇಲಿದ್ದವರಿಗೆ ಕೇಳಬೇಕು. ಜನ ಎಲ್ಲಿ ಸೇರಲೇಬೇಕೋ ಅಲ್ಲೇ ಗುಂಡು ಬೀಳುತ್ತಿತ್ತು. 1994ರ ಫೆಬ್ರವರಿ 5ರಂದು ಮರ್ಕಾಲೆ ಸಂತೆಯಲ್ಲಿ ಒಂದೇ ಶೆಲ್‌ಗೆ 68 ಮಂದಿ ಸತ್ತರು. ನಗರವನ್ನು ಸುತ್ತುವರಿದಿದ್ದ ಪಡೆಯ ದಂಡನಾಯಕ ಸ್ಟಾನಿಸ್ಲಾವ್ ಗಾಲಿಚ್‌ನ ಮೇಲೆ ಹೇಗ್‌ನ ಯುದ್ಧಾಪರಾಧ ನ್ಯಾಯಮಂಡಳಿ ಹೊರಿಸಿದ ಅಪರಾಧದ ಹೆಸರೇ ನಾಗರಿಕರಲ್ಲಿ ಭೀತಿ ಹರಡುವುದು ಎಂದಿತ್ತು. 2003ರಲ್ಲಿ ಅವನಿಗೆ 20 ವರ್ಷಗಳ ಸೆರೆವಾಸವಾಯಿತು. ಮೇಲ್ಮನವಿಯಲ್ಲಿ, 2006ರಲ್ಲಿ, ಅದು ಜೀವಾವಧಿಗೆ ಏರಿತು.

ಪ್ರಶ್ನೆ ಕೇಳಿದವರು:
ಆ ಚಿತ್ರಗಳನ್ನು ಮತ್ತೊಮ್ಮೆ ತೆಗೆದು ನೋಡಿದೆ. ಸಾಲಿನಲ್ಲಿರುವ ಒಬ್ಬ ಮುದುಕಿಯ ಎರಡೂ ಕ್ಯಾನುಗಳು ಇನ್ನೂ ಖಾಲಿ ಇವೆ.