ಡೊಮೇನ್ ಜೋಡಿಸಿದವರು ನಿಮ್ಮ ಅನುಭವ ಹೇಳ್ರೀ

ಖಡಕ್ ರೊಟ್ಟಿ ಮನೆ (ಕಲಬುರಗಿ):
ನಾವು ನಾಲ್ಕು ಜನ ಹೆಣ್ಣುಮಕ್ಕಳು ಸೇರಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮಾಡಿ ಮಾರುತ್ತೇವೆ. ಗೂಗಲ್‌ನ ಬ್ಲಾಗರ್‌ನಲ್ಲಿ ಪುಟ ಇದೆ. ಹೋದ ವಾರ ಸ್ವಂತ ಡೊಮೇನ್, ಅಂದರೆ ಸೈಟಿನ ಹೆಸರು, ತಗೊಂಡೆ. ಹೆಸರಿನ ಮುಂದೆ ಮೂರು ಡಬ್ಲ್ಯೂ ಹಾಕಿದರೆ ಪುಟ ತೆರೆಯುತ್ತದೆ. ಬರೀ ಹೆಸರು ಹೊಡೆದರೆ ಡೊಮೇನ್ ಮಾರಿದವರ ಜಾಹೀರಾತು ಬರುತ್ತದೆ. ಗಿರಾಕಿಗಳು ಯಾರು ಮೂರು ಡಬ್ಲ್ಯೂ ಹೊಡೀತಾರೆ? ಹೆಸರು ಹೊಡೆದರೆ ಎಲ್ಲಿಗೆ ಹೋಗಬೇಕು ಅಂತ ಹೇಳುವ ನೇಮ್‌ಸರ್ವರ್ ಬದಲಿಸು ಅಂತಾನೆ ತಮ್ಮ. ಬದಲಿಸಲಾ?

ಗಂಜ್ ಬೇಳೆ ವ್ಯಾಪಾರಿ (ಕಲಬುರಗಿ):
ತಂಗೀ, ನೇಮ್‌ಸರ್ವರ್ ಮುಟ್ಟಬೇಡಮ್ಮ. ಮುಟ್ಟಿ ಕೆಟ್ಟವನು ನಾನು. ನಮ್ಮ ತೊಗರಿಗೆ 2019ರಲ್ಲಿ ಊರಿನ ಹೆಸರಿನ ಗುರುತು ಜಿಐ ಬಂದ ಮೇಲೆ ಹೊರಗಿನವರು ಹೆಸರು ಹುಡುಕಿಕೊಂಡು ಬರ್ತಾರೆ ಅಂತ ಸೈಟು ಮಾಡಿಸಿದೆ. ಜನವರಿ ತಿಂಗಳು, ಗಂಜ್ ಮಾರುಕಟ್ಟೆ ತುಂಬ ಹೊಸ ತೊಗರಿ. ಆ ಗಡಿಬಿಡಿಯಲ್ಲೇ ನೇಮ್‌ಸರ್ವರ್ ಬದಲಿಸಿದೆ. ಸೈಟು ಚಂದ ತೆರೆಯಿತು. ಮೇಲ್ ಬರುವುದು ನಿಂತಿತು. ಹಳೆ ಕಡೆ ಇದ್ದ, ಮೇಲ್ ಎಲ್ಲಿಗೆ ಬರಬೇಕು ಅಂತ ಹೇಳುವ ಎಂಎಕ್ಸ್ ರೆಕಾರ್ಡ್ ಹೊಸ ಕಡೆ ಬರೆದೇ ಇರಲಿಲ್ಲ. ಇದು ಗೊತ್ತಾಗಲು 11 ದಿನ ಬೇಕಾಯಿತು. ಸೀಸನ್‌ನಲ್ಲಿ ಮೇಲ್ ಕಡಿಮೆ ಅಂದುಕೊಂಡು ಚಹಾ ಕುಡೀತಾ ಕೂತಿದ್ದೆ! ಹೈದರಾಬಾದಿನ ಹಳೇ ಗಿರಾಕಿ 60 ಕ್ವಿಂಟಲ್ ಬೇಳೆಗೆ ಮೂರು ಸಲ ಮೇಲ್ ಹಾಕಿ, ಉತ್ತರ ಇಲ್ಲ ಅಂತ ಲಾತೂರಿನಲ್ಲಿ ಖರೀದಿ ಮಾಡಿದ. ಕ್ವಿಂಟಲಿಗೆ 150 ಹಿಡಿದರೂ 9,000 ಹೋಯಿತು. ಸರಿ ಮಾಡಿದವನಿಗೆ 2,500. ಆ ಗಿರಾಕಿ ಈಗಲೂ ನಮ್ಮ ಫೋನ್ ಎತ್ತಲ್ಲ.

ಬಿದರಿ ಅಕ್ಕ (ಬೀದರ್):
ಗಂಜಿನ ಅಣ್ಣಾವ್ರೇ, ಮನೆ ಬದಲಿಸುವಾಗ ಒಲೆ ಹಳೇ ಮನೆಯಲ್ಲೇ ಬಿಟ್ಟು ಬಂದವರು ನೀವು. ಅದಕ್ಕೆ ಮನೆ ಏನು ಮಾಡೀತು? ನಾನು ನೇಮ್‌ಸರ್ವರನ್ನು ಕ್ಲೌಡ್‌ಫ್ಲೇರ್ ಕಂಪನಿಯ ಉಚಿತ ಖಾತೆಗೆ ಬದಲಿಸಿ ಮೂರು ವರ್ಷ ಆಯಿತು. ಇದ್ದ ರೆಕಾರ್ಡ್‌ಗಳ ಫೋಟೋ ತೆಗೆದಿಟ್ಟುಕೊಂಡೇ ಕೈ ಹಾಕಿದ್ದು.

ಆದರೆ ಮೊದಲ ಮೂರು ದಿನ ಶತ್ರುವಿಗೂ ಬೇಡ. ಸೈಟಿನ ವಿಳಾಸ ಅಸಲಿಯೇ ಅಂತ ಸಹಿ ನೋಡಿ ಪರೀಕ್ಷಿಸುವ ಡಿಎನ್‌ಎಸ್‌ಸೆಕ್ ಮೊದಲೇ ಆನ್ ಇತ್ತು. ಆ ಸಹಿಯ ಗುರುತು ಇರುವ ಹಳೆ ಡಿಎಸ್ ರೆಕಾರ್ಡ್ ಡೊಮೇನ್ ಮಾರಿದ ರಿಜಿಸ್ಟ್ರಾರ್ ಕಡೆ ಹಾಗೇ ಉಳಿದು, ಹೊಸ ಕಡೆಗೆ ತಾಳೆ ಆಗಲಿಲ್ಲ. ನಮ್ಮ ಮನೆಯ ನೆಟ್‌ನಲ್ಲಿ ಅದನ್ನು ಪರೀಕ್ಷೆ ಮಾಡಲ್ಲ, ಹಾಗಾಗಿ ಸೈಟು ತೆರೆಯುತ್ತಿತ್ತು. ಪರೀಕ್ಷೆ ಮಾಡುವ ಗೂಗಲ್ ಸರ್ವರ್ 8.8.8.8 ಇಟ್ಟುಕೊಂಡವರಿಗೆ ಬರೀ ಎರರ್. ನಾನು ದೆಹಲಿಯ ಮೇಳದಲ್ಲಿ ಮಳಿಗೆ ಹಾಕಿದ್ದೆ, ಸೈಟಿನ ಹೆಸರು ಹೊಡೆಸಿದ 500 ಕಾರ್ಡ್ ಜೊತೆಗೆ. ಗಿರಾಕಿ ಎದುರೇ ಮೊಬೈಲ್ ಹಿಡಿದು ‘ಆಪ್ ಕಾ ಸೈಟ್ ಬಂದ್ ಹೈ’ ಅಂದರು. ಕೋಟೆ ಮಣ್ಣಲ್ಲಿ ಕಪ್ಪು ಮಾಡಿದ ಹೂದಾನಿ ಕೈಯಲ್ಲಿತ್ತು. ನನ್ನ ಮುಖವೂ ಅದೇ ಬಣ್ಣ. ಡಿಎಸ್ ತೆಗೆಸಿದ ಮೇಲೆ ಮರುದಿನ ಸರಿಯಾಯಿತು.

ಗಂಜ್ ಬೇಳೆ ವ್ಯಾಪಾರಿ:
ಮೂರು ದಿನ ದೆಹಲಿಯಲ್ಲಿ ಮರ್ಯಾದೆ ಕಳಕೊಂಡವರು ನನಗೆ ಬುದ್ಧಿ ಹೇಳೋದಾ?

ಯಾದಗಿರಿ ಮೇಷ್ಟ್ರು:
ನೀವಿಬ್ಬರೂ ಪುಣ್ಯವಂತರು. ಡೊಮೇನ್ ನಿಮ್ಮ ಹೆಸರಲ್ಲೇ ಇದೆ. ನನ್ನ ಟ್ಯೂಷನ್ ಸೈಟನ್ನು ಕಂಪ್ಯೂಟರ್ ಅಂಗಡಿಯ ಹುಡುಗನ ಕೈಗೆ ಕೊಟ್ಟೆ. 3,500 ತಗೊಂಡ. ಒಂದು ಹೆಸರನ್ನು ಇನ್ನೊಂದು ಹೆಸರಿಗೆ ಜೋಡಿಸುವ ಸಿನೇಮ್ ರೆಕಾರ್ಡ್ ಹಾಕುವಾಗ ಹೋಸ್ಟ್ ಜಾಗದಲ್ಲಿ ಪೂರ್ತಿ ಹೆಸರು ಬರೆದ. ಆ ಪ್ಯಾನೆಲ್ ತಾನೇ ಹಿಂದೆ ಡೊಮೇನ್ ಸೇರಿಸುತ್ತದೆ. ಹೆಸರು ಎರಡೆರಡು ಸಲ ಬಂದು ಎಲ್ಲೂ ತೆರೆಯಲಿಲ್ಲ. ಕೇಳಿದರೆ ‘48 ಗಂಟೆ ಕಾಯಿರಿ ಸಾರ್’. ಕಾದೆ. ಇನ್ನೂ 48. ಹೀಗೆ 15 ದಿನ. ತಪ್ಪು ಬರೆದದ್ದು ಎಷ್ಟು ಕಾದರೆ ಸರಿಯಾದೀತು?

ಅದಾದರೂ ಹೋಗಲಿ. ಡೊಮೇನನ್ನು ತನ್ನ ಇಮೇಲ್‌ನಲ್ಲಿ ತಗೊಂಡಿದ್ದ. ಪುಣೆಗೆ ಹೋದ, ನಂಬರ್ ಬದಲಿಸಿದ. ನವೀಕರಣದ ನೋಟೀಸೆಲ್ಲ ಅವನಿಗೇ ಹೋಗಿವೆ. ಗಡುವು ದಾಟಿತು, ಆಮೇಲೆ ಹೆಸರು ಬಿಡಿಸಿಕೊಳ್ಳಲು ಇರುವ 30 ದಿನದ ರಿಡೆಂಪ್ಶನ್ ದಾಟಿತು, ಮತ್ತೈದು ದಿನಕ್ಕೆ ಹೆಸರು ಬಿಡುಗಡೆ ಆಯಿತು. ಈಗ ನನ್ನ ಹೆಸರಲ್ಲಿ ಯಾರೋ ಜೂಜಿನ ಪುಟ ನಡೆಸುತ್ತಿದ್ದಾರೆ. ಎಸ್ಸೆಸ್ಸೆಲ್ಸಿ ಮಕ್ಕಳ ಅಪ್ಪಂದಿರು ಫೋನ್ ಮಾಡಿ ಕೇಳ್ತಾರೆ, ಮೇಷ್ಟ್ರೇ ಇದೇನು ಅಂತ. ಈ ಅಂಗಡಿ ಹುಡುಗರನ್ನು ನಂಬಲೇಬಾರದು.

ಶಹಾಪುರ ಸಿಸ್ಟಮ್ಸ್:
ಮೇಷ್ಟ್ರೇ, ನಾನೂ ಅಂಗಡಿ ಹುಡುಗನೇ. ಒಬ್ಬ ಮಾಡಿದ್ದಕ್ಕೆ ಎಲ್ಲರನ್ನೂ ಬೈಬೇಡಿ. ಅವನು ಇಮೇಲ್ ಕೇಳಿದಾಗ ನೀವು ‘ನಿಂದೇ ಹಾಕಪ್ಪ’ ಅಂದಿರ್ತೀರಿ. ನನ್ನ ಹತ್ತಿರ ಬರುವ ಹತ್ತರಲ್ಲಿ ಎಂಟು ಜನ ಹಾಗೇ ಅನ್ನೋದು. ನವೀಕರಣಕ್ಕೆ ನನ್ನ ಕೈಯಿಂದ ಕಟ್ಟಿದ ದುಡ್ಡು ಮೂರು ಗಿರಾಕಿಗಳಿಂದ ಇನ್ನೂ 4,100 ಬರಬೇಕು. ಮೊದಲ ವರ್ಷ 199, ಎರಡನೇ ವರ್ಷ 1,099, ಮೇಲೆ ಶೇ 18 ಜಿಎಸ್‌ಟಿ ಅಂದರೆ ನಾನೇ ಕದ್ದ ಹಾಗೆ ನೋಡ್ತಾರೆ.

ಯಾದಗಿರಿ ಮೇಷ್ಟ್ರು:
ಹೌದು, ‘ನಿಂದೇ ಹಾಕು’ ಅಂದಿದ್ದೆ. ಅದಕ್ಕೆ?

ಹಳೇ ಗುಲ್ಬರ್ಗದವ:
ಎಲ್ಲರಿಗಿಂತ ಜಾಸ್ತಿ ಕಟ್ಟಿದವನು ನಾನು. 2012ರಲ್ಲಿ ಗುಲ್ಬರ್ಗ ಅಂತ ಡೊಮೇನ್ ತಗೊಂಡೆ. 2014ರ ನವೆಂಬರ್ 1ಕ್ಕೆ ಊರು ಕಲಬುರಗಿ ಆಯಿತು. ಹೊಸ ಹೆಸರು ತಗೊಂಡೆ. ಹಳೇದನ್ನು ಬಿಟ್ಟರೆ ಮೇಷ್ಟ್ರ ಗತಿ. ಹಾಗಾಗಿ ಅವತ್ತಿನಿಂದ ಎರಡಕ್ಕೂ ಕಟ್ಟುತ್ತಿದ್ದೇನೆ, ಹಳೇದನ್ನು ಹೊಡೆದವರನ್ನು ಹೊಸದಕ್ಕೆ ಕಳಿಸುವ 301 ಹಾಕಿ. ಇಂಗ್ಲಿಷಿನಲ್ಲಿ ಕಲಬುರಗಿಯನ್ನು ಒಬ್ಬೊಬ್ಬರು ಒಂದೊಂದು ಥರ ಬರೀತಾರೆ ಅಂತ ಮೂರನೇದೂ ತಗೊಂಡಿದ್ದೇನೆ.

ಬಿದರಿ ಅಕ್ಕ:
ಮೂರು ಹೆಸರಿಗೆ ಕಟ್ಟುವ ದುಡ್ಡಲ್ಲಿ ಒಳ್ಳೆ ಫೋಟೋ ತೆಗೆಸಬಹುದಿತ್ತು ಅಲ್ವಾ? ನಿಮ್ಮ ಸೈಟು ನೋಡಿದ್ದೇನೆ.

ಹಳೇ ಗುಲ್ಬರ್ಗದವ:
ನಿಮ್ಮ ಸೈಟನ್ನು ದೆಹಲಿಯವರು ನೋಡಿದಷ್ಟೇ ನೋಡಿದಿರಾ?

ಖಡಕ್ ರೊಟ್ಟಿ ಮನೆ:
ಸರ್, ಅಕ್ಕಾ, ಜಗಳ ಬೇಡ. ಬರೀ ಹೆಸರು ಯಾಕೆ ತೆರೆಯಲ್ಲ? ಅಲ್ಲೂ ಸಿನೇಮ್ ಹಾಕಿದರೆ ಪ್ಯಾನೆಲ್ ತಗೊಳ್ತಾ ಇಲ್ಲ.

ಶಹಾಪುರ ಸಿಸ್ಟಮ್ಸ್:
ತಗೊಳ್ಳಲ್ಲ ಅಕ್ಕಾ. ಬರೀ ಹೆಸರಿನ ಜಾಗದಲ್ಲಿ ನೇಮ್‌ಸರ್ವರ್ ರೆಕಾರ್ಡ್ ಇದ್ದೇ ಇರುತ್ತದೆ, ಸಿನೇಮ್ ಇನ್ನೊಂದರ ಜೊತೆ ಒಂದೇ ಜಾಗದಲ್ಲಿ ಇರಲ್ಲ. ಅಲ್ಲಿ ಅಂಕಿಯ ವಿಳಾಸ ಬರೆಯುವ ಎ ರೆಕಾರ್ಡೇ ಬೇಕು. ಅಟ್ (@) ಗುರುತಿನ, ಅಂದರೆ ಬರೀ ಹೆಸರಿನ ಸಾಲಿನಲ್ಲಿರುವ ಹಳೆ ಎ ರೆಕಾರ್ಡ್ ಅಳಿಸಿ, ಅದು ಮಾರಿದವರ ಜಾಹೀರಾತಿನದು. ಬ್ಲಾಗರ್‌ನ ನಾಲ್ಕು ಹಾಕಿ: 216.239.32.21, 216.239.34.21, 216.239.36.21, 216.239.38.21. ಆಮೇಲೆ ಬ್ಲಾಗರ್ ಸೆಟ್ಟಿಂಗ್‌ನಲ್ಲಿ, ಬರೀ ಹೆಸರನ್ನು ಮೂರು ಡಬ್ಲ್ಯೂಗೆ ಕಳಿಸುವ ರೀಡೈರೆಕ್ಟ್ ಡೊಮೇನ್ ಆನ್ ಮಾಡಿ. ನೇಮ್‌ಸರ್ವರ್ ಹಾಗೇ ಇರಲಿ. ಇಷ್ಟಕ್ಕೆ ನಾನು 300 ತಗೊಳ್ತೀನಿ. ಮೇಷ್ಟ್ರು ಇದನ್ನೂ ದರೋಡೆ ಅಂತಾರೆ.

ಗಂಜ್ ಬೇಳೆ ವ್ಯಾಪಾರಿ:
ನಾನು ಮೊದಲೇ ಹೇಳಿದೆ, ಮುಟ್ಟಬೇಡ ಅಂತ.

ಖಡಕ್ ರೊಟ್ಟಿ ಮನೆ:
ನಾಲ್ಕೂ ಹಾಕಿದೆ. ತಮ್ಮನ ಫೋನಲ್ಲಿ ಬಂತು. ನನ್ನದರಲ್ಲಿ ಇನ್ನೂ ಜಾಹೀರಾತೇ.

ಶಹಾಪುರ ಸಿಸ್ಟಮ್ಸ್:
ಹಳೇದು ನಿಮ್ಮ ಕಡೆ ನೆನಪಲ್ಲಿ ಉಳಿದಿದೆ. ಆ ನೆನಪಿನ ಅವಧಿ, ಅಂದರೆ ಟಿಟಿಎಲ್ ಮುಗಿಯಲಿ, ಬರುತ್ತದೆ. ಇದಕ್ಕೆ ಮಾತ್ರ ಕಾಯಬೇಕು ಮೇಷ್ಟ್ರೇ.

ಹಳೇ ಗುಲ್ಬರ್ಗದವ:
ತಂಗೀ, ಡೊಮೇನಲ್ಲಿ ರೊಟ್ಟಿಗೆ ಟಿ ಎಷ್ಟು ಹಾಕಿದ್ದೀ?

ಖಡಕ್ ರೊಟ್ಟಿ ಮನೆ:
ಒಂದು.

ಹಳೇ ಗುಲ್ಬರ್ಗದವ:
ಅದು ಗೋಧಿ ರೋಟಿ ಆಯ್ತಲ್ಲಮ್ಮ! ಎರಡು ಟಿ ಇರೋದನ್ನೂ ಇವತ್ತೇ ತಗೋ.

ಖಡಕ್ ರೊಟ್ಟಿ ಮನೆ:
ನೋಡಿದೆ. ಅದನ್ನು ಯಾರೋ ಆಗಲೇ ತಗೊಂಡಿದ್ದಾರೆ.