ಸಹಾಯ ಬೇಕು: ಶುಂಠಿ ಬಿಯರಿನ ಹೆಪ್ಪು ಲೋಳೆಯಾಗುತ್ತಿದೆ
ದಾವಣಗೆರೆಯ ವಿದ್ಯಾನಗರದಿಂದ ಬರೆಯುತ್ತಿದ್ದೇನೆ. ಮೂರು ತಿಂಗಳಿಂದ ಮನೆಯಲ್ಲಿ ಶುಂಠಿ ಬಿಯರ್, ಅಂದರೆ ಶುಂಠಿಯನ್ನು ಹುದುಗಿಸಿದ ನೊರೆ ಪಾನೀಯ, ಮಾಡುತ್ತಿದ್ದೇನೆ. ಸಿಪ್ಪೆ ಸಮೇತ ತುರಿದ ಹಸಿ ಶುಂಠಿ, ಸಕ್ಕರೆ, ನೀರು ಸೇರಿಸಿ ಹೆಪ್ಪು ಮಾಡಿಟ್ಟುಕೊಂಡು, ದಿನವೂ ಅದಕ್ಕೆ ಒಂದೊಂದು ಚಮಚ ಶುಂಠಿ, ಸಕ್ಕರೆ ಉಣಿಸುತ್ತೇನೆ. ಫೆಬ್ರುವರಿಯಲ್ಲಿ ಮಾಡಿದ ಎರಡು ಸಲವೂ ಬಾಟಲಿಯ ಮುಚ್ಚಳ ತಿರುಗಿಸಿದರೆ ಬುಸ್ಸೆಂದು ನೊರೆ ಉಕ್ಕುತ್ತಿತ್ತು. ಆ ಘಾಟು, ಆ ರುಚಿ ಇನ್ನೂ ನಾಲಿಗೆಯ ಮೇಲಿದೆ.

ಬಿಸಿಲು ಏರಿದ ಮೇಲೆ ಎಲ್ಲವೂ ಕೆಟ್ಟಿತು. ಅಡುಗೆಮನೆಯಲ್ಲಿ ಮಧ್ಯಾಹ್ನ 36 ಡಿಗ್ರಿ. ಹೆಪ್ಪಿನಲ್ಲಿ ಗುಳ್ಳೆ ಏಳುತ್ತದೆ, ಆದರೆ ಚಮಚ ಎತ್ತಿದರೆ ಬೆಂಡೆಕಾಯಿಯ ಲೋಳೆಯಂತೆ ಎಳೆ ಎಳೆಯಾಗಿ ಇಳಿಯುತ್ತದೆ. ಬೂಷ್ಟು ಇಲ್ಲ, ದುರ್ವಾಸನೆಯೂ ಇಲ್ಲ. ಬಾಟಲಿಗೆ ತುಂಬಿದರೆ ನೊರೆಯೇ ಬರುವುದಿಲ್ಲ.

ಹೆಪ್ಪಿನಲ್ಲಿದ್ದು ನೊರೆ ಬರಿಸುವ ಯೀಸ್ಟನ್ನು ನಲ್ಲಿ ನೀರಿನ ಕ್ಲೋರಿನ್ ಕೊಲ್ಲುತ್ತಿರಬಹುದೆಂದು ಕುದಿಸಿ ಆರಿಸಿದ ನೀರು ಬಳಸಿದೆ. ಗಾಜಿನ ಜಾಡಿಯನ್ನೂ ಕುದಿಯುವ ನೀರಿನಲ್ಲಿ ತೊಳೆದೆ. ಸಕ್ಕರೆ ಬಿಟ್ಟು ಬೆಲ್ಲ ಹಾಕಿದಾಗ ಲೋಳೆ ಇನ್ನೂ ಹೆಚ್ಚಿತು. ಜಾಡಿಗೆ ಒದ್ದೆ ಬಟ್ಟೆ ಸುತ್ತಿಟ್ಟರೂ ಬದಲಾಗಲಿಲ್ಲ. ಸಕ್ಕರೆಯನ್ನು ಲೋಳೆಯಾಗಿಸುವ ಬ್ಯಾಕ್ಟೀರಿಯಾ ಯೀಸ್ಟನ್ನು ಮೀರಿಸಿದೆ ಎಂಬುದು ನನ್ನ ಅನುಮಾನ.

ದಾವಣಗೆರೆ, ಚಿತ್ರದುರ್ಗದ ಬೇಸಿಗೆಯಲ್ಲಿ ಇದನ್ನು ಮಾಡಿದವರು ದಯವಿಟ್ಟು ತಿಳಿಸಿ: ನಿಂಬೆರಸ ಹಿಂಡಿ ಹುಳಿ ಹೆಚ್ಚಿಸಿದರೆ ಈ ಹೆಪ್ಪು ಸರಿಹೋಗುತ್ತದೆಯೇ, ಅಥವಾ ಪೂರ್ತಿ ಚೆಲ್ಲಿ ಹೊಸದಾಗಿ ಶುರು ಮಾಡಬೇಕೇ? ಹೊಸದಾಗಿ ಮಾಡುವುದಾದರೆ ಫ್ರಿಜ್ಜಿನಲ್ಲಿ ಯಾವ ದಿನದಿಂದ ಇಡಬೇಕು?